ಅತ್ತೆ ಸತ್ತ ಆರು ತಿಂಗಳಿಗೆ

ಸಮಾಧಾನ ಹೇಳಲು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಓದಿದ ಮೇಲೆ ‘ಎಂಥ ಕಟುಕಿ ಈಕೆ’ ಅನ್ನುವುದಿದ್ದರೆ ಈಗಲೇ ಅಂದು ಮುಗಿಸಿ. ನನ್ನ ಅತ್ತೆ ತೀರಿಕೊಂಡಾಗ ಹನ್ನೊಂದು ದಿನ ನಮ್ಮ ಮನೆಗೆ ಜನ ಬಂದದ್ದೇ ಬಂದದ್ದು. ನನ್ನ ಗಂಡನಿಗೆ ಸಮಾಧಾನ ಹೇಳಿದರು. ಹುಕ್ಕೇರಿಯಿಂದ ಬಂದ ನಾದಿನಿಯನ್ನು ಅಪ್ಪಿಕೊಂಡು ಹೇಳಿದರು. ಕಟ್ಟೆಯ ಮೇಲೆ ಮಲಗುವ ನಾಯಿಗೂ ಹೇಳಿದರು, ‘ಪಾಪ, ಮುದುಕಿ ದಿನಾ ರೊಟ್ಟಿ ಹಾಕತಿದ್ಲು, ಇನ್ನ ಇದಕ್ಕ ಯಾರದಾರ’ ಎಂದು. ನನಗೆ ಮಾತ್ರ ಯಾರೂ ಹೇಳಲಿಲ್ಲ. ಯಾಕೆಂದರೆ ನಾನು ಸೊಸೆ. ಅತ್ತೆ ಸತ್ತರೆ ಸೊಸೆಗೆ ದುಃಖವಾಗುತ್ತದೆ ಎಂದು ಈ ಲೋಕದಲ್ಲಿ ಯಾರೂ ನಂಬುವುದಿಲ್ಲ.

ನಂಬುವುದಕ್ಕೆ ನಾವಿಬ್ಬರೂ ಕಾರಣ ಕೊಟ್ಟಿರಲಿಲ್ಲ, ಅದು ಖರೆ. ಮೂಡಲಗಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ನಾನು ಮದುವೆಯಾಗಿ ಬಂದ ವರ್ಷವೇ ಗಂಡ ಟ್ರ್ಯಾಕ್ಟರ್ ಓಡಿಸಲು ಹೊರಟ, ಗಿರಣಿ ನಮ್ಮಿಬ್ಬರ ಪಾಲಿಗೆ ಬಿತ್ತು. ಇಪ್ಪತ್ತನಾಲ್ಕು ವರ್ಷ ನಾನು ಮಷಿನ್ ಹತ್ತಿರ ನಿಂತೆ, ಆಕೆ ಬಾಗಿಲ ಬಳಿ ಗೋಣಿಚೀಲ ಮಡಚಿ ಹಾಕಿಕೊಂಡು ಕೂತಳು. ಬಂದವರ ಡಬ್ಬಿಗಳನ್ನು ಸಾಲಾಗಿ ಇಡಿಸುವುದು, ಯಾರದು ಮೊದಲು ಯಾರದು ಆಮೇಲೆ ಎಂದು ನೆನಪಿಡುವುದು ಆಕೆಯ ಕೆಲಸ. ಅಕ್ಷರ ಬಾರದು. ಆದರೆ ಬಾಗಿಲ ತನಕ ಡಬ್ಬಿ ಸಾಲುಗಟ್ಟಿದ್ದರೂ ಒಂದೂ ಅದಲುಬದಲಾಗುತ್ತಿರಲಿಲ್ಲ. ನಾನು ಬೀಸಿದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ಮೋರೆ ಸಿಂಡರಿಸುವುದೂ ಆಕೆಯ ಕೆಲಸವೇ.

‘ದಪ್ಪ ಆಗೇತಿ. ಇದ್ರಾಗ ರೊಟ್ಟಿ ತಟ್ಟತಾರೋ, ಗ್ವಾಡಿಗೆ ಬಳೀತಾರೋ?’

‘ಕಲ್ಲ ಸವದಾವ್ರಿ! ನಿಮ್ಮ ನಾಲಿಗಿ ಸವೀಲಿಲ್ಲ ನೋಡ್ರಿ, ಅದೊಂದ!’

ಮಷಿನ್ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು. ಹಾಗೆ ಕೂಗಿ ಕೂಗಿ, ಮಷಿನ್ ನಿಂತ ಮೇಲೂ ನಮ್ಮ ದನಿ ಇಳಿಯುತ್ತಿರಲಿಲ್ಲ. ಪಲ್ಯಕ್ಕೆ ಉಪ್ಪು ಹಾಕಿದೆಯಾ ಎಂದು ಕೇಳಿದರೂ ಓಣಿಯವರಿಗೆ ಜಗಳದಂತೆ ಕೇಳುತ್ತಿತ್ತು. ಬಹಳ ಸಲ ಅದು ಜಗಳವೇ ಆಗಿರುತ್ತಿತ್ತು. ‘ನಿಮ್ಮ ಬಾಯಿಗೆ ಬೆಂಕಿ ಬೀಳ್ಲಿರಿ’ ಅನ್ನುತ್ತಿದ್ದೆ ನಾನು. ಎಂಥ ಸಿಟ್ಟಿನಲ್ಲೂ ‘ರಿ’ ಬಿಡಲಿಲ್ಲ. ನಮ್ಮ ಗಿರಾಕಿಗಳು ಅದನ್ನು ಹೇಳಿಕೊಂಡು ನಗುತ್ತಿದ್ದರು.

ಒಂದು ಸಲ ನನ್ನ ಸೆರಗು ಬೆಲ್ಟಿಗೆ ಸಿಕ್ಕಿತು. ಮೊಣಕಾಲು ಹೋಗಿ ಏಳಲಾರದೆ ಕೂತಿದ್ದ ಮುದುಕಿ ಅದೆಲ್ಲಿಂದ ಎದ್ದಳೋ, ಡಬ್ಬಿಗಳನ್ನೆಲ್ಲ ಒದ್ದು ಕೆಡವಿಕೊಂಡು ಬಂದು ಸ್ವಿಚ್ ಆರಿಸಿದಳು. ಸೆರಗು ಬಿಡಿಸಿದಳು. ಆಮೇಲೆ ನನ್ನ ಕಪಾಳಕ್ಕೆ ಒಂದು ಬಿಟ್ಟಳು. ‘ಸತ್ತಗಿತ್ತೀಯಂದ್ರ ನಾ ಯಾರ ಜೋಡಿ ಬಾಯಿ ಮಾಡಬೇಕಲೇ, ಮಳ್ಳಿ’ ಅಂದಳು. ಬುದ್ಧಿಗೇಡಿಗೆ ನಮ್ಮ ಕಡೆ ಮಳ್ಳಿ ಅನ್ನುತ್ತಾರೆ. ಆಕೆಯ ಬಾಯಲ್ಲಿ ನನಗೆ ಅದೇ ಹೆಸರು.

ಆಕೆ ಸತ್ತದ್ದು ಗೋಕಾಕದ ದವಾಖಾನೆಯಲ್ಲಿ, ಉಸಿರು ಕಟ್ಟಿ, ಸೇರಿಸಿದ ನಾಲ್ಕನೇ ದಿನ ಮುಂಜಾನೆ. ಗಂಡ ಇಂಜೆಕ್ಷನ್ ತರಲು ಕೆಳಗೆ ಹೋಗಿದ್ದ. ನಾದಿನಿ ಹುಕ್ಕೇರಿಯಿಂದ ಹೊರಟಿದ್ದಳು, ಇನ್ನೂ ಘಟಪ್ರಭಾ ದಾಟಿರಲಿಲ್ಲ. ಮಂಚದ ಹತ್ತಿರ ನಾನೊಬ್ಬಳೇ. ಕಣ್ಣು ತೆರೆದಳು, ನನ್ನನ್ನು ನೋಡಿದಳು.

‘ಗಿರಣಿ ಬಂದ್ ಮಾಡಿ ಬಂದೀಯೇನ?’

‘ಹೂಂರಿ.’

‘ಇವತ್ತ ಸಂತಿ ಐತಿ. ಮಂದಿ ಹಿಟ್ಟಿಗೆ ಏನ ಮಾಡಬೇಕ? ಮಳ್ಳಿ.’

ಅಷ್ಟೇ. ಆಮೇಲೆ ಮಾತಿಲ್ಲ. ನಾನು ಹಬ್ಬ ಅಮಾವಾಸ್ಯೆ ಬಿಟ್ಟು ಬೇರೆ ದಿನ ಗಿರಣಿಯ ಬಾಗಿಲು ಹಾಕಿದ್ದು ಇಪ್ಪತ್ತನಾಲ್ಕು ವರ್ಷದಲ್ಲಿ ಎರಡೇ ಸಲ, ಒಂದು ನನ್ನ ಮಗಳನ್ನು ಹಡೆಯಲು, ಇನ್ನೊಂದು ಇದು. ಅದು ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಬೈದಳು.

ನಮ್ಮ ಕಡೆ ಸಾವಿನ ಮನೆಗೆ ಬಂದವರು ಕೂತ ತಕ್ಷಣ ಕೇಳುವ ಮಾತೊಂದಿದೆ: ‘ಕಡೀಗೆ ಏನರ ಅಂದ್ರೇನ?’ ಬಂದವರೆಲ್ಲ ನನ್ನ ಗಂಡನನ್ನು ಕೇಳಿದರು. ‘ಏನೂ ಅನ್ನಲಿಲ್ಲ’ ಅಂದ ಅವನು, ಔಷಧಿ ಅಂಗಡಿಯಲ್ಲಿ ನಿಂತಿದ್ದವನು. ನಾದಿನಿಯನ್ನು ಕೇಳಿದರು. ತಾಸು ತಡವಾಗಿ ಬಂದ ಆಕೆ ಗೋಡೆಗೆ ತಲೆ ಬಡಿದುಕೊಂಡಳು. ನೀರಿನ ತಂಬಿಗೆ ಹಿಡಿದು ನಾನು ಅಲ್ಲೇ ನಿಂತಿರುತ್ತಿದ್ದೆ. ಒಬ್ಬರಾದರೂ ನನ್ನ ಕಡೆ ತಿರುಗಿ ‘ನೀ ಇದ್ದೆಲ್ಲವಾ, ಏನಂದ್ಲು?’ ಎಂದು ಕೇಳಬೇಕೇ! ನನಗೂ ಹಟ ಬಂತು. ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಇಲ್ಲ. ಒಬ್ಬರು ಕೇಳಿದ್ದರೆ ಸಾಕಿತ್ತು. ಇಡೀ ಊರಿನಲ್ಲಿ ಒಬ್ಬರು.

ನನ್ನನ್ನು ಹಡೆದವಳೂ ಕೇಳಲಿಲ್ಲ. ಕೌಜಲಗಿಯಿಂದ ಬಂದ ನನ್ನ ತಾಯಿ ನನ್ನನ್ನು ಒಳಗೆ ಕರೆದು ಕಿವಿಯಲ್ಲಿ, ‘ಬಿಡವಾ, ಒಂದ ಪೀಡಾ ಕಳೀತು. ಇನ್ನರ ನಿನ್ನ ಮನಿ ನಿನ್ನ ಕೈಗೆ ಬಂತು’ ಅಂದಳು. ನಾನು ಕೈಯಲ್ಲಿದ್ದ ಹಿಟ್ಟಿನ ಪರಾತವನ್ನು ಎಷ್ಟು ಜೋರಾಗಿ ಕೆಳಗಿಟ್ಟೆ ಎಂದರೆ ಹೊರಗೆ ಕೂತವರೆಲ್ಲ ಒಳಗೆ ಹಣಿಕಿದರು.

ಇನ್ನು ಅಳುವ ವಿಷಯ. ನಮ್ಮಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಓಣಿಯ ತುದಿಯಲ್ಲಿ ಒಬ್ಬಳು ಸೆರಗು ಬಾಯಿಗೊತ್ತಿ ದನಿ ತೆಗೆದಳೆಂದರೆ ಮನೆಯ ಹೆಂಗಸರು ಹೊಸ್ತಿಲ ತನಕ ಹೋಗಿ ಆಕೆಯ ಕೊರಳು ಹಿಡಿದು ತಾವೂ ದನಿ ಕೂಡಿಸಬೇಕು. ಸತ್ತವರ ಗುಣ, ಇದ್ದವರ ಸಂಕಟ, ಎಲ್ಲ ಆ ಹಾಡಿನಲ್ಲೇ ಬರಬೇಕು. ಇನ್ನೊಂದು ಅನುಕೂಲವೂ ಅದರಲ್ಲಿದೆ. ಬಾಯಿಬಿಟ್ಟು ಅಂದರೆ ಹೊಡೆದಾಟವಾಗುವ ಮಾತನ್ನು ಹಾಡಿನಲ್ಲಿ ಹಾಕಿ ಯಾರ ಮೇಲಾದರೂ ಒಗೆಯಬಹುದು. ಯಾರೂ ತಡೆಯುವಂತಿಲ್ಲ. ಮಾತಿನಲ್ಲಿ ಉತ್ತರ ಕೊಡುವಂತೆಯೂ ಇಲ್ಲ. ಉತ್ತರ ಬೇಕಾದರೆ ನೀನೂ ಹಾಡ್ಯಾಡಬೇಕು.

ಮೂರನೆಯ ದಿನ, ಸಾವಿನ ಮನೆಗೆಂದು ಬುತ್ತಿ ತಂದ ಬೀಗರೆಲ್ಲ ಕೂತಿದ್ದಾಗ, ನಾದಿನಿ ನನ್ನ ಮೇಲೆ ಒಗೆದಳು.

‘ತಣ್ಣನ ರೊಟ್ಟಿ ತಿಂದು ಹೋದೆವ್ವಾ… ಬಿಸಿ ರೊಟ್ಟಿ ಬಡಿಸೋರಿಲ್ಲವ್ವಾ… ಧೂಳಿನಾಗ ಕುಂಡರಿಸಿದರವ್ವಾ… ನನ್ನ ಹಡದವ್ವಾ…’

ಕೂತವರೆಲ್ಲ ಒಮ್ಮೆಲೇ ನನ್ನ ಮುಖ ನೋಡಿದರು. ಬಿಸಿ ರೊಟ್ಟಿ! ಇಪ್ಪತ್ತನಾಲ್ಕು ವರ್ಷ ನಾನು ಹಂಚಿನಿಂದ ತೆಗೆದ ರೊಟ್ಟಿಯನ್ನು ಆ ಮುದುಕಿ ತಾಟಿನಿಂದ ಹೊರಗೆ ದೂಡಿದ್ದಾಳೆ. ‘ಬಿಸೀದು ತಿಂದ್ರ ನನ್ನ ಹೊಟ್ಟಿ ಉಬ್ಬತೈತಿ’ ಅಂತ. ನಿನ್ನೆಯ ಕಟಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ಹಾಕಿಕೊಂಡರೇ ಆಕೆಗೆ ಊಟ. ಹದಿನೆಂಟಕ್ಕೆ ಲಗ್ನವಾಗಿ ಹೋದ ಮಗಳಿಗೆ ಇದೆಲ್ಲ ಏನು ಗೊತ್ತು? ಹಬ್ಬಕ್ಕೆ ಬರುತ್ತಿದ್ದಳು, ಹೋಳಿಗೆ ತಿನ್ನುತ್ತಿದ್ದಳು, ಹೋಗುತ್ತಿದ್ದಳು. ಈಗ ನೋಡಿದರೆ ಹನ್ನೊಂದನೆಯ ದಿನದ ತನಕ ಅದೇ ಬಿಸಿ ರೊಟ್ಟಿಯ ಹಾಡು. ನನಗೂ ಹಾಡಿನಲ್ಲೇ ಉತ್ತರ ಒಗೆಯಬೇಕೆನ್ನಿಸುತ್ತಿತ್ತು. ಆದರೆ ಅತ್ತೆಗೆ ಹಾಡ್ಯಾಡುವ ಸೊಸೆ ‘ಅತ್ತಿಯಲ್ಲ, ನನ್ನ ಹಡದವ್ವಾ’ ಎಂದು ಶುರುಮಾಡಬೇಕು. ಎಲ್ಲರೂ ಹಾಗೇ ಮಾಡುತ್ತಾರೆ. ಆಕೆ ನನ್ನನ್ನು ಹಡೆದವಳಲ್ಲ. ಹಡೆದವಳು ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಸುಳ್ಳು ಹಾಡಲು ನನಗೆ ಬಾಯಿ ಬರಲಿಲ್ಲ. ಕಣ್ಣಿನಲ್ಲಿ ನೀರೂ ಬರಲಿಲ್ಲ.

‘ಅತ್ತಿ ಸತ್ತ ಆರ ತಿಂಗಳಿಗೆ ಸೊಸಿ ಕಣ್ಣಾಗ ನೀರ ಬಂದುವಂತ’ ಎಂದು ಎದುರು ಮನೆಯವಳು ನನಗೆ ಕೇಳುವಷ್ಟು ಮೆಲ್ಲಗೆ ಗಾದೆ ಹೇಳಿದಳು. ಪಕ್ಕದವಳು ನಕ್ಕಳು. ಆ ಮೋರೆಗಳಿಗಿಷ್ಟು ಕಾರಪುಡಿ ಎರಚಬೇಕೆನ್ನಿಸಿತು.

ಹನ್ನೆರಡನೇ ದಿನ ಗಿರಣಿ ತೆರೆದೆ. ಬಾಗಿಲ ಬಳಿ ಗೋಣಿಚೀಲ ಹಾಗೇ ಇತ್ತು. ಮೊದಲ ದಿನವೇ ಮೂರು ಮನೆಯ ಡಬ್ಬಿ ಅದಲುಬದಲಾದವು. ಗೋಧಿ ಕೊಟ್ಟವಳಿಗೆ ಜೋಳದ ಹಿಟ್ಟು ಹೋಯಿತು, ಜೋಳ ಕೊಟ್ಟವಳಿಗೆ ಕಡಲೆಹಿಟ್ಟು. ವಾಪಸು ಬಂದು ‘ಮುದುಕಿ ಇದ್ದಾಗ ಹಿಂಗ ಆಗತಿದ್ದಿಲ್ಲ’ ಎಂದು ನನಗೆ ಹೇಳುತ್ತಾರೆ! ನನಗೆ! ಮಷಿನ್ ಸದ್ದಿನ ನಡುವೆ ನಾನು ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿ ಕೂಗುತ್ತಿದ್ದೆ. ಉತ್ತರ ಬರದಿದ್ದಾಗ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗದೆ ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದೆ.

ಗಂಡನಿಗೆ ಸಂಜೆಯಾದರೆ ಭಜನೆಯವರ ಜೊತೆ ಇತ್ತು. ಅವರು ಅವನ ಹೆಗಲ ಮೇಲೆ ಕೈಹಾಕಿ ಚಹಾ ಕುಡಿಸಿ ಕಳಿಸುತ್ತಿದ್ದರು. ಒಂದು ದಿನ ನಾನು ಊಟ ಬಿಟ್ಟು ಕೂತದ್ದನ್ನು ನೋಡಿ ಅವನು ಕೇಳಿದ, ‘ನಿನಗೇನಾಗೇತಿ? ಸತ್ತಾಕಿ ನನ್ನವ್ವ.’

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ಅದಕ್ಕೇ ಇನ್ನೂ ಸಿಟ್ಟು ಬಂತು. ಅವನ ಜೊತೆ ಎಂಟು ದಿನ ಮಾತು ಬಿಟ್ಟೆ. ಅವನಿಗೆ ಅದು ಗೊತ್ತಾದದ್ದು ಆರನೆಯ ದಿನ.

ನಾಲ್ಕು ತಿಂಗಳಾದರೂ ನಿದ್ದೆ ಸರಿಯಾಗಲಿಲ್ಲ. ಗೋಕಾಕದಲ್ಲಿ ನರ್ಸಿಂಗ್ ಓದುವ ನನ್ನ ಮಗಳು ಅಲ್ಲೇ ಒಂದು ಕಡೆ ಮನಸ್ಸಿನ ವಿಷಯ ಮಾತಾಡುವವರಿದ್ದಾರೆ ಎಂದು ಎಳೆದುಕೊಂಡು ಹೋದಳು. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು ಅಲ್ಲಿ ಕೂತಿದ್ದ ಹುಡುಗಿ. ಹಾಳೆ ತೆಗೆದು ಕೂತಳು.

‘ಯಾರ ತೀರಿಕೊಂಡಾರ್ರಿ?’

‘ನಮ್ಮತ್ತಿ.’

ಪೆನ್ನು ನಿಂತಿತು. ‘ಅತ್ತಿಯವರ ಜೋಡಿ ಹೆಂಗಿದ್ರಿ?’

‘ದಿನಾ ಜಗಳ.’

‘ತಪ್ಪು ಮಾಡೀನಿ ಅಂತ ಅನಸತೈತೇನ್ರಿ ಈಗ?’

‘ಏನ ತಪ್ಪ? ಅರ್ಧಕ್ಕರ್ಧ ಜಗಳದಾಗ ನಂದ ಖರೆ ಇತ್ತು.’

ಹುಡುಗಿ ಹಾಳೆ ಮಗುಚಿದಳು. ‘ಹಂಗಾರ ಅವರಿಗೊಂದ ಪತ್ರ ಬರೀರಿ. ಹೇಳದ ಉಳದದ್ದನ್ನೆಲ್ಲಾ ಬರೀರಿ.’

‘ಆಕಿಗೆ ಓದಾಕ ಬರತಿದ್ದಿಲ್ಲ.’

ನಗು ಬಂತು ಆಕೆಗೆ, ತಡೆದುಕೊಂಡಳು. ಒಳ್ಳೆಯ ಹುಡುಗಿ, ನನ್ನ ಬಾಯಿಗೆ ಹೆದರಲಿಲ್ಲ. ಕೊನೆಗೆ ಕೇಳಿದಳು, ‘ಅವರನ್ನ ನಿಮ್ಮಷ್ಟ ನೆನಸೋರು ಇನ್ಯಾರರ ಅದಾರೇನ್ರಿ? ಅವರ ಜೋಡಿ ಕುಂತು ಮಾತಾಡ್ರಿ. ಅದಕ್ಕಿಂತ ದೊಡ್ಡ ಔಷಧ ನನ್ನ ಕಡೆ ಇಲ್ಲ.’

ಅಂಥವಳು ಒಬ್ಬಳೇ ಇದ್ದಳು, ಹುಕ್ಕೇರಿಯಲ್ಲಿ. ದಿನಾ ಮುಂಜಾನೆ ಆಕೆಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅತ್ತೆಯ ಫೋಟೋ ಇರುತ್ತಿತ್ತು, ಸುತ್ತ ಗುಲಾಬಿ ಹೂ, ಹಿಂದೆ ಅಳುವ ಸಂಗೀತ. ಅದೂ ಗಿರಣಿಯ ಬಾಗಿಲಲ್ಲಿ ತೆಗೆದ ಫೋಟೋ. ನಾನು ಅದರಲ್ಲಿ ಅತ್ತೆಯ ಹಿಂದೆ ನಿಂತಿದ್ದೆ. ನಾದಿನಿ ನನ್ನನ್ನು ಕತ್ತರಿಸಿ ಹಾಕಿದ್ದಳು. ನನ್ನ ಮೊಣಕೈ ಒಂದು ಉಳಿದಿತ್ತು. ಇವಳ ಜೊತೆ ಕೂತು ಮಾತಾಡಬೇಕಂತೆ! ವಾಪಸು ಬರುವಾಗ ಬಸ್ಸಿನಲ್ಲಿ ಮಗಳಿಗೂ ಬೈದೆ.

ಮಾತಾಡುವ ಬದಲು ನಾನು ಬೇರೆ ತಯಾರಿ ನಡೆಸಿದೆ. ನಾದಿನಿ ತನ್ನ ಅತ್ತೆಯ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ದಾಳೆ, ಒಂದೇ ಮನೆಯಲ್ಲಿ ಬೇರೆ ಒಲೆ ಹೂಡಿದ್ದಾಳೆ ಎಂದು ನಮಗೆಲ್ಲ ಗೊತ್ತಿತ್ತು. ಆ ಮುದುಕಿಯೂ ಹಾಸಿಗೆ ಹಿಡಿದಿದ್ದಳು. ಇವತ್ತಲ್ಲ ನಾಳೆ ನಾನು ಆ ಮನೆಗೆ ಹಾಡ್ಯಾಡಲು ಹೋಗಲೇಬೇಕು. ಜೋಳ ಬೀಸುತ್ತ ಬೀಸುತ್ತ ಹಾಡು ಕಟ್ಟಿದೆ. ‘ಬ್ಯಾರೆ ಒಲಿ ಹೂಡಿದರವ್ವಾ… ಬಿಸಿ ರೊಟ್ಟಿ ಸುಳೀಲಿಲ್ಲವ್ವಾ… ಮಂದಿ ಮನ್ಯಾಗ ಹಾಡಿ ಬಂದರವ್ವಾ… ತಮ್ಮ ಮುದುಕಿಗೆ ನೀರ ಕೊಡಲಿಲ್ಲವ್ವಾ…’ ಮಷಿನ್ ಸದ್ದಿನಲ್ಲಿ ಎಷ್ಟು ಜೋರಾಗಿ ಹಾಡಿದರೂ ಯಾರಿಗೂ ಕೇಳುತ್ತಿರಲಿಲ್ಲ. ಎರಡು ತಿಂಗಳು ದಿನಾ ಹಾಡಿಕೊಂಡೆ. ಆ ಎರಡು ತಿಂಗಳು ನಿದ್ದೆ ಸ್ವಲ್ಪ ಬಂತು, ಸುಳ್ಳು ಯಾಕೆ ಹೇಳಲಿ.

ನಮ್ಮತ್ತೆ ಸತ್ತು ಆರು ತಿಂಗಳಿಗೆ ಹುಕ್ಕೇರಿಯ ಮುದುಕಿ ಸತ್ತ ಸುದ್ದಿ ಬಂತು. ನನಗೆ ದುಃಖವಾಗಲಿಲ್ಲ. ಸಂತೋಷವಾಯಿತು. ಗಂಡ ಮಣ್ಣಿಗೆ ಹೋಗಿ ಬಂದ. ಮೂರನೆಯ ದಿನದ ಬುತ್ತಿ ನನ್ನ ಪಾಲು. ನಸುಕಿನಲ್ಲೇ ಎದ್ದು ಮೂವತ್ತು ರೊಟ್ಟಿ ತಟ್ಟಿದೆ, ಝುಣಕ ಮಾಡಿದೆ, ಮಜ್ಜಿಗೆಯ ಡಬ್ಬಿ ತುಂಬಿದೆ. ರೊಟ್ಟಿಗಳನ್ನು ಬಿಸಿ ಇರುವಾಗಲೇ ನಾಲ್ಕು ಸುತ್ತು ಬಟ್ಟೆಯಲ್ಲಿ ಸುತ್ತಿದೆ. ಎಲ್ಲರ ಮುಂದೆ ಬಿಚ್ಚಿ ‘ತಗೋರಿ, ಬಿಸಿ ರೊಟ್ಟಿ’ ಅನ್ನಬೇಕೆಂದು ಅಷ್ಟು ಕಷ್ಟ. ಮೂಡಲಗಿಯಿಂದ ಗೋಕಾಕ, ಅಲ್ಲಿಂದ ಬಸ್ಸು ಬದಲಿಸಿ ಘಟಪ್ರಭಾ ಮೇಲೆ ಹುಕ್ಕೇರಿ. ಧುಪದಾಳದ ಹತ್ತಿರ ಬಂದಾಗ ಬಾಜೂ ಕೂತವಳು ನನ್ನ ತುಟಿ ಅಲ್ಲಾಡುವುದನ್ನು ನೋಡಿ, ‘ಜಪಾ ಮಾಡಾಕತ್ತೀರೇನ್ರಿ ಅಕ್ಕಾರ?’ ಅಂದಳು. ಹೌದವಾ ಅಂದೆ.

ಓಣಿಯ ತುದಿಯಲ್ಲೇ ಆ ಮನೆಯ ದನಿ ಕೇಳಿಸಿತು. ಸತ್ತ ಮುದುಕಿಯ ಮಗಳು ಹಾಡ್ಯಾಡುತ್ತಿದ್ದಳು. ‘ಒಂದ ಮನ್ಯಾಗ ಎರಡ ಒಲಿಯವ್ವಾ… ನಿನ್ನ ಒಲಿ ಆರಿಸಿದರವ್ವಾ…’ ನಾನು ಹೇಳಬೇಕೆಂದಿದ್ದನ್ನು ಆಕೆಯೇ ಹೇಳುತ್ತಿದ್ದಳು. ಗೋಡೆಗೆ ಒರಗಿ ನನ್ನ ನಾದಿನಿ ಕೂತಿದ್ದಳು. ಕಣ್ಣು ಒಣಗಿದ್ದವು. ಸುತ್ತ ಕೂತವರೆಲ್ಲ ಆಕೆಯ ಮುಖವನ್ನೇ ನೋಡುತ್ತಿದ್ದರು. ಆಹಾ, ಸಿಕ್ಕಿದೆಯಾ ಎಂದುಕೊಂಡೆ. ಬುತ್ತಿ ಇಳಿಸಿ, ದನಿ ತೆಗೆದು, ನೇರ ಹೋಗಿ ಆಕೆಯ ಕೊರಳು ಹಿಡಿದೆ.

ಹಿಡಿದಾಗ ಆಕೆಯ ಹೆಗಲೆಲುಬು ನನ್ನ ಗದ್ದಕ್ಕೆ ಚುಚ್ಚಿತು.

ಅದು ನಮ್ಮತ್ತೆಯ ಎಲುಬು. ಮೊಣಕಾಲು ಹೋದ ಮೇಲೆ ಎರಡು ವರ್ಷ ದಿನಾ ಮುಂಜಾನೆ ಆ ಮುದುಕಿಯನ್ನು ಬಚ್ಚಲಿಗೆ ಎತ್ತಿ ಕೂರಿಸುವಾಗ ನನ್ನ ಗದ್ದಕ್ಕೆ ಚುಚ್ಚುತ್ತಿದ್ದ ಎಲುಬು, ಅದೇ ಜಾಗದಲ್ಲಿ, ಅಷ್ಟೇ ಚೂಪು. ‘ಮೆಲ್ಲಕ ಹಿಡಿ, ನಾ ಏನ ಜೋಳದ ಚೀಲ ಏನ?’ ಎಂದು ದಿನಾ ಬೈಸಿಕೊಳ್ಳುತ್ತಿದ್ದೆ. ಎರಡು ತಿಂಗಳು ಕಟ್ಟಿದ ಹಾಡು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಯಿ ತೆರೆದರೆ ಬೇರೆಯೇ ಬಂತು.

‘ಜಗಳ ಅರ್ಧಕ್ಕ ಬಿಟ್ಟ ಹೋದೆಲ್ಲ ಅತ್ತೀ… ಡಬ್ಬಿ ಅದಲಿಬದಲಿ ಆಗ್ಯಾವ ಅತ್ತೀ… ಹಿಟ್ಟ ತಿಕ್ಕಿ ನೋಡೋರಿಲ್ಲ ಅತ್ತೀ… ನನ್ನ ಬೈಯೋರ ಯಾರಿಲ್ಲ ಅತ್ತೀ…’

ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಆಕೆಗೆ ‘ನೀ’ ಅಂದಿದ್ದೆ. ಕಣ್ಣಿನಿಂದ ನೀರು ಇಳಿದದ್ದಲ್ಲ, ಸುರಿದದ್ದು. ನಾದಿನಿಯ ಮೈ ಮೊದಲು ಕಟ್ಟಿಗೆಯ ಹಾಗೆ ಬಿಗಿಯಾಯಿತು. ಆಮೇಲೆ ನನ್ನ ಬೆನ್ನಿನ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು ಆಕೆಯೂ ದನಿ ತೆಗೆದಳು. ‘ಬರೋದರಾಗ ಹೋಗಿಬಿಟ್ಟೆವ್ವಾ… ಒಂದ ತಾಸ ತಡೀಲಿಲ್ಲವ್ವಾ… ನನ್ನ ಹಡದವ್ವಾ…’

ಇಬ್ಬರೂ ಎಷ್ಟು ಹೊತ್ತು ಅತ್ತೆವೋ. ನಡುವೆ ಯಾವಾಗಲೋ ಆ ಮನೆಯ ಮಗಳು ತನ್ನ ಹಾಡು ನಿಲ್ಲಿಸಿದ್ದಳು.

‘ಏನ್ರಿ ಇದ? ನಮ್ಮವ್ವ ಸತ್ತ ಮೂರ ದಿನ ಆಗೇತಿ. ನೀವ ಯಾರಿಗೆ ಅಳಾಕತ್ತೀರಿ?’

ಮೂಲೆಯಿಂದ ಒಬ್ಬ ಮುದುಕಿ ಕೇಳಿದಳು, ‘ಈಕೀ ಅತ್ತಿ ಸತ್ತ ಎಷ್ಟ ದಿನಾ ಆತ?’

‘ಆರ ತಿಂಗಳ’ ಎಂದರು ಯಾರೋ.

ಸಾವಿನ ಮನೆಯಲ್ಲಿ ನಾಲ್ಕಾರು ಸೆರಗುಗಳು ಬಾಯಿಗೆ ಹೋದವು. ನಗಲಿ. ಗಾದೆ ಮಾಡಿದವರ ಮನೆ ಹಾಳಾಗಲಿ.

ಆ ಮನೆಯ ಮಗಳು ನಮ್ಮಿಬ್ಬರನ್ನೂ ಮುಖ ತೊಳೆದುಕೊಳ್ಳಿರೆಂದು ಹಿತ್ತಲಿಗೆ ಅಟ್ಟಿದಳು. ನೀರಿನ ಟಾಕಿಯ ಬಳಿ ಕಟ್ಟೆಯ ಮೇಲೆ ಕೂತೆವು. ಮೂರು ದಿನದಿಂದ ನಾದಿನಿ ಸರಿಯಾಗಿ ಉಂಡಿರಲಿಲ್ಲ, ನೋಡಿದರೆ ಗೊತ್ತಾಗುತ್ತಿತ್ತು. ಬುತ್ತಿಯಿಂದ ಎರಡು ರೊಟ್ಟಿ, ಮಜ್ಜಿಗೆಯ ಡಬ್ಬಿ, ಒಂದು ತಾಟು ತಂದು ಮುಂದಿಟ್ಟೆ. ಎರಡು ಬಸ್ಸು ಹತ್ತಿಳಿದ ರೊಟ್ಟಿ ತಣ್ಣಗಾಗಿ ಸೆಟೆದಿತ್ತು.

‘ಬಿಸಿ ಮಾಡಿ ತರಲೇನ?’ ಎಂದೆ. ಚುಚ್ಚಲೆಂದೇ ಕೇಳಿದ್ದು. ಅತ್ತರೂ ನಾನು ನಾನೇ.

‘ಬ್ಯಾಡ್ರಿ ವೈನಿ. ತಣ್ಣಗಿದ್ದದ್ದ ಚೊಲೊ. ಬಿಸಿ ರೊಟ್ಟಿ ನನಗ ಮೊದಲಿಂದ ಸೇರೂದಿಲ್ಲ’ ಎಂದು ಆಕೆ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಹಾಕಿದಳು. ಬೆರಳಿನಿಂದ ಒತ್ತಿದಳು. ಒತ್ತುತ್ತಿದ್ದ ಕೈ ನಿಂತಿತು.

ನಾನು ಬಿಡುವವಳಲ್ಲ. ‘ಹನ್ನೊಂದ ದಿನಾ ಹಾಡಿದೆಲ್ಲ. ಆವಾಗ ನೆನಪ ಬರಲಿಲ್ಲೇನ?’

‘ಹಾಡಿನಾಗ ಏನರ ಬರತೈತಿ. ಅದಕ್ಯಾಕ ಇಷ್ಟ ಹಟ ಹಿಡದೀರಿ?’

‘ಊರ ಮಂದಿ ಕೇಳ್ಯಾರ ಅದನ್ನ.’

‘ಕೇಳ್ಲಿ’ ಎಂದಳು. ರೊಟ್ಟಿಯನ್ನು ಮಜ್ಜಿಗೆಯೊಳಗೆ ಮತ್ತೆ ಒತ್ತಿದಳು. ಆಮೇಲೆ ತಲೆ ಎತ್ತದೆ ಹೇಳಿದಳು, ‘ನನಗ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ತು. ಈಗೂ ಐತಿ. ನಮ್ಮವ್ವ ನಿಮ್ಮ ಬಾಜೂಕ ಸತ್ಲು. ನನ್ನ ಬಾಜೂಕ ಅಲ್ಲ.’

ನಾನು ಎದ್ದೆ. ನಲ್ಲಿ ತಿರುಗಿಸಿ ಮತ್ತೊಮ್ಮೆ ಮುಖ ತೊಳೆದೆ.

‘ವೈನಿ’ ಅಂದಳು ಹಿಂದಿನಿಂದ. ‘ಅವ್ವ ಕಡೀಗೆ ಏನರ ಅಂದ್ಲೇನ?’

ಆರು ತಿಂಗಳು. ಆರು ತಿಂಗಳು ಕಾದಿದ್ದೆ ಈ ಮಾತಿಗೆ. ಗಂಡ ಕೇಳಲಿಲ್ಲ, ತಾಯಿ ಕೇಳಲಿಲ್ಲ, ಊರು ಕೇಳಲಿಲ್ಲ. ಕೇಳಿದವಳು ಇವಳು! ಕೂತು ಹೇಳಿದೆ. ಕಣ್ಣು ತೆರೆದದ್ದು, ಗಿರಣಿ ಬಂದ್ ಮಾಡಿ ಬಂದೀಯೇನ ಎಂದದ್ದು, ಸಂತೆಯ ದಿನ ಜನ ಹಿಟ್ಟಿಗೆ ಏನು ಮಾಡಬೇಕೆಂದದ್ದು. ನಾದಿನಿ ಬಾಯಿ ತೆರೆದು ಕೇಳುತ್ತಿದ್ದಳು. ಕೊನೆಯ ‘ಮಳ್ಳಿ’ ಇನ್ನೂ ನನ್ನ ನಾಲಿಗೆಯ ಮೇಲಿತ್ತು.

‘ನನಗ?’ ಎಂದಳು ನಡುವೆ. ‘ನನಗ ಏನರ ಅಂದ್ಲ?’

ಇಲ್ಲ. ಇದ್ದದ್ದು ಇಷ್ಟೇ ಉತ್ತರ. ನಿನ್ನ ಹೆಸರು ಎತ್ತಲಿಲ್ಲ, ನೀನು ಆಕೆಗೆ ನೆನಪಾಗಲಿಲ್ಲ. ಅದನ್ನು ಹೇಳಿದ್ದರೆ ಆಕೆ ಸಾಯುವ ತನಕ ಹೊರುತ್ತಿದ್ದಳು. ಸೇಡಿಗೆ ಯಾವ ಹಾಡೂ ಕಟ್ಟಬೇಕಿರಲಿಲ್ಲ ನಾನು. ಹೇಳಬೇಕೆಂದೇ ಬಾಯಿ ತೆರೆದೆ, ದೇವರಾಣೆ. ಆಕೆ ರೊಟ್ಟಿಯ ತಾಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮಜ್ಜಿಗೆ ಮೊಣಕೈ ತನಕ ಇಳಿದಿತ್ತು.

‘ಅಂದ್ಲು’ ಎಂದೆ. ‘ನೀ ಗಿರಣಿ ಬಂದ್ ಮಾಡಿ ಬಂದಿ, ಆಕೀನೂ ಮನಿ ಮಾರು ಬಿಟ್ಟು ಓಡಿ ಬರತಾಳ. ಇಬ್ರೂ ಮಳ್ಳ್ಯಾರ, ಅಂದ್ಲು.’

‘ಮಳ್ಳ್ಯಾರ’ ಎಂದಳು ನಾದಿನಿ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ನಕ್ಕಳು, ನಗುತ್ತಲೇ ಅತ್ತಳು. ‘ಹಂಗ ಅಂತಿದ್ಲು ನೋಡ್ರಿ. ಥೇಟ ಹಂಗ.’

ಈಗ ಪ್ರತಿ ಅಮಾವಾಸ್ಯೆ, ಗಿರಣಿ ಬಂದ್ ಇರುವ ದಿನ, ಆಕೆ ಫೋನ್ ಮಾಡುತ್ತಾಳೆ. ಒಳ್ಳೆಯ ಮಾತಿಗಲ್ಲ. ವರ್ಷದ ಕಾರ್ಯಕ್ಕೆ ಯಾರನ್ನು ಕರೆಯಬೇಕು, ಅವ್ವನ ಕಂಬಳಿ ಯಾರಿಗೆ ಕೊಟ್ಟಿರಿ, ಆ ಗೋಣಿಚೀಲ ಇನ್ನೂ ಬಾಗಿಲಲ್ಲಿ ಯಾಕಿದೆ ಎಂದು ಶುರುಮಾಡಿದರೆ ಅರ್ಧ ತಾಸು ಜಗಳ. ಸ್ಟೇಟಸ್ಸಿನ ಫೋಟೋದಲ್ಲಿ ನಾನಿನ್ನೂ ಮೊಣಕೈಯಷ್ಟೇ ಇದ್ದೇನೆ. ಬಿಸಿ ರೊಟ್ಟಿಯ ಮಾತಿಗೆ ಆಕೆ ತಪ್ಪಾಯಿತು ಅಂದಿಲ್ಲ, ನಾನು ಕೇಳಿಲ್ಲ. ಫೋನ್ ಇಡುವ ಮುಂಚೆ ಮಾತ್ರ ಪ್ರತಿ ಸಲ ಒಂದು ಮಾತು ಹೇಳುತ್ತಾಳೆ, ‘ಇಬ್ರೂ ಮಳ್ಳ್ಯಾರ ಅಂದ್ಲಲ್ಲ ವೈನಿ!’

ಹೂಂ ಅನ್ನುತ್ತೇನೆ. ನನ್ನ ಹೊಟ್ಟೆ ಉರಿಯುತ್ತದೆ. ಆ ಮಂಚದ ಮೇಲೆ ಮಲಗಿ ಆಕೆ ನನ್ನೊಬ್ಬಳ ಮುಖ ನೋಡಿ ಅಂದ ಮಾತದು. ಆ ಬೈಗುಳ ಪೂರಾ ನನ್ನದಿತ್ತು.